ಇಯಾನ್ ಮಾಟೋಸ್: ಕಾಯಲು ಒಪ್ಪದ ಡೈವರ್

ಬ್ರೆಜಿಲ್‌ನ ಡೈವಿಂಗ್ ಪಟು ಇಯಾನ್ ಮಾಟೋಸ್ ತಾನು ಸಲಿಂಗಿ ಎಂದು ಪತ್ರಿಕೆಯೊಂದರ ಸಂದರ್ಶನದಲ್ಲಿ ಹೇಳಿಕೊಂಡದ್ದು 2014ರ ಜನವರಿಯಲ್ಲಿ. ಆಗ ಅವರಿಗೆ 24 ವರ್ಷ. ಅವರದೇ ದೇಶದಲ್ಲಿ ನಡೆಯಲಿದ್ದ ಒಲಿಂಪಿಕ್ಸ್‌ಗೆ ಇನ್ನೂ ಎರಡೂವರೆ ವರ್ಷವಿತ್ತು. ರಿಯೊ ಒಲಿಂಪಿಕ್ಸ್ ಮುಗಿಯುವವರೆಗೆ ಬಾಯಿ ಬಿಡಬೇಡ, ಪ್ರಾಯೋಜಕರು ಕೈಬಿಟ್ಟಾರು ಎಂದು ಕೆಲವು ಗೆಳೆಯರು ಅವರಿಗೆ ಬುದ್ಧಿ ಹೇಳಿದ್ದರು. ಆ ಮಾತನ್ನೂ ಅವರು ಮರೆಮಾಚದೆ ಅದೇ ಸಂದರ್ಭದಲ್ಲಿ ತಿಳಿಸಿದರು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ, 2013ರ ಡಿಸೆಂಬರ್ 2ರಂದು, ಬ್ರಿಟನ್ನಿನ ಡೈವರ್ ಟಾಮ್ ಡೇಲಿ ಒಂದು ವಿಡಿಯೊದಲ್ಲಿ ತನಗೆ ಒಬ್ಬ ಪುರುಷನ ಮೇಲೆ ಪ್ರೀತಿ ಹುಟ್ಟಿದೆ ಎಂದು ಹೇಳಿಕೊಂಡಿದ್ದರು. ಆ ವಿಡಿಯೊ ತನಗೆ ಧೈರ್ಯ ಕೊಟ್ಟಿತು ಎಂಬುದು ಇಯಾನ್ ಅವರ ಮಾತು.

ಗೆಳೆಯರ ಆ ಸಲಹೆ ಸರಿಯಾಗಿತ್ತೇ ಎಂಬುದೇ ಈ ಅಧ್ಯಯನದ ಪ್ರಶ್ನೆ. ಅದು ಕೆಟ್ಟ ಮನಸ್ಸಿನಿಂದ ಬಂದ ಸಲಹೆಯಲ್ಲ. ಹಿತೈಷಿಗಳು ಲೆಕ್ಕ ಹಾಕಿಯೇ ಹೇಳಿದ್ದರು, ಮತ್ತು ಆ ಲೆಕ್ಕಕ್ಕೆ ಬ್ರೆಜಿಲ್‌ನ ಕ್ರೀಡಾಲೋಕದಲ್ಲಿ ಆಧಾರಗಳೂ ಇದ್ದವು. ಇಯಾನ್ ಅದಕ್ಕೆ ಕಿವಿಗೊಡದೆ ಹೋದದ್ದರಿಂದ ಅವರ ಕ್ರೀಡಾಜೀವನ ಎಲ್ಲಿ ಬಾಗಿತು, ಎಲ್ಲಿ ಬಾಗಲಿಲ್ಲ ಎಂಬುದನ್ನು ನೋಡಬೇಕಾದರೆ ಆ ಸಂದರ್ಶನಕ್ಕೂ ಹಿಂದಕ್ಕೆ, ಅಮೆಜಾನ್ ನದಿಯ ಬಾಯಿಗೆ ಹೋಗಬೇಕಾಗುತ್ತದೆ.

ಇಯಾನ್ ಹುಟ್ಟಿದ್ದು 1989ರ ಏಪ್ರಿಲ್ 24ರಂದು, ಪಾರಾ ರಾಜ್ಯದ ಮುವಾನಾ ಎಂಬ ಊರಿನಲ್ಲಿ. ಅಮೆಜಾನ್ ಸಮುದ್ರ ಸೇರುವಲ್ಲಿ ಅಡ್ಡಗಟ್ಟಿದಂತೆ ಮಲಗಿರುವ ಮರಾಜೊ ದ್ವೀಪದ ಊರು ಅದು. ದ್ವೀಪ ಎಂದಾಕ್ಷಣ ಹೊಳೆ ನಡುವಿನ ಕುದುರು ಕಣ್ಣಮುಂದೆ ಬರಬಾರದು. ಸುಮಾರು 40,000 ಚದರ ಕಿಲೋಮೀಟರ್ ವಿಸ್ತಾರದ ಮರಾಜೊ ಕರ್ನಾಟಕದ ಐದನೇ ಒಂದು ಭಾಗದಷ್ಟು ದೊಡ್ಡದು. ಎಮ್ಮೆಗಳ ಹಿಂಡುಗಳಿಗೆ ಹೆಸರಾದ, ಓಡಾಟಕ್ಕೆ ದೋಣಿಯನ್ನು ನೆಚ್ಚಿಕೊಂಡ ಸೀಮೆ. ಅಲ್ಲಿ ನೀರಿಗೇನೂ ಬರವಿಲ್ಲ. ಆದರೆ ಡೈವಿಂಗ್ ಕಲಿಯಲು ಬೇಕಾದ ನೀರೇ ಬೇರೆ. ನಾಲ್ಕೈದು ಮೀಟರ್ ಆಳದ ಕೊಳ ಬೇಕು, ಅದರ ಮೇಲೆ ಮೂರು ಮೀಟರ್ ಎತ್ತರದಲ್ಲಿ ಸುಮಾರು ಐದು ಮೀಟರ್ ಉದ್ದದ ಅಲ್ಯೂಮಿನಿಯಂ ಹಲಗೆ ಬೇಕು, ಗಾಳಿಯಲ್ಲಿ ಸುತ್ತುತ್ತಿರುವವನಿಗೆ ನೀರಿನ ಮೇಲ್ಮೈ ಎಲ್ಲಿದೆ ಎಂದು ಕಾಣುವಂತೆ ಅಲೆ ಎಬ್ಬಿಸುವ ಚಿಮ್ಮುಗೊಳವೆಗಳು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದಿನಕ್ಕೆ ನೂರಾರು ಬಾರಿ ತಪ್ಪನ್ನು ತಿದ್ದುವ ಒಂದು ಕಣ್ಣು ಬೇಕು. ಇವೆಲ್ಲ ಒಟ್ಟಿಗೆ ಸಿಗುವ ಜಾಗಗಳು ಬ್ರೆಜಿಲ್‌ನಂಥ ದೊಡ್ಡ ದೇಶದಲ್ಲೂ ಬೆರಳೆಣಿಕೆಯಷ್ಟೇ. ಉತ್ತರದ ಈ ಹುಡುಗ ಕೊನೆಗೆ ತರಬೇತಿಗಾಗಿ ನೆಲೆ ನಿಂತದ್ದು ಹುಟ್ಟೂರಿನಿಂದ ಒಂದೂವರೆ ಸಾವಿರ ಕಿಲೋಮೀಟರಿಗೂ ದೂರದ ರಾಜಧಾನಿ ಬ್ರೆಸೀಲಿಯದಲ್ಲಿ.

ಬ್ರೆಜಿಲ್‌ನ ಪೋರ್ಚುಗೀಸ್ ಭಾಷೆಯಲ್ಲಿ ಡೈವಿಂಗ್‌ಗೆ 'ಸಾಲ್ಟಸ್ ಒರ್ನಾಮೆಂಟಾಯಿಸ್', ಅಂದರೆ ಅಲಂಕಾರದ ಜಿಗಿತಗಳು, ಎನ್ನುತ್ತಾರೆ. ಹೆಸರು ಸೊಗಸಾಗಿದ್ದರೂ ಆ ದೇಶದಲ್ಲಿ ಈ ಕ್ರೀಡೆಯ ಪಾಲು ಬಡತನದ್ದೇ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲೇ ಅಡೋಲ್ಫೊ ವೆಲಿಷ್ ಎಂಬ ಬ್ರೆಜಿಲ್ ಡೈವರ್ ಸ್ಪರ್ಧಿಸಿದ್ದರು. ಅಂದಿನಿಂದ ಇಂದಿನವರೆಗೆ ಡೈವಿಂಗ್‌ನಲ್ಲಿ ಆ ದೇಶಕ್ಕೆ ಒಂದು ಒಲಿಂಪಿಕ್ ಪದಕವೂ ಬಂದಿಲ್ಲ. ಇಯಾನ್ ಬೆಳೆಯುವ ಹೊತ್ತಿಗೆ ಅವರ ವಿಭಾಗವಾದ ಮೂರು ಮೀಟರ್ ಸ್ಪ್ರಿಂಗ್‌ಬೋರ್ಡ್‌ನಲ್ಲಿ ಬ್ರೆಸೀಲಿಯದವರೇ ಆದ ಸೆಸಾರ್ ಕಾಸ್ಟ್ರೊ ಇದ್ದರು. ಅವರು 2004ರ ಅಥೆನ್ಸ್‌ನಲ್ಲಿ ಅಂತಿಮ ಸುತ್ತು ತಲುಪಿ ಒಂಬತ್ತನೆಯವರಾಗಿದ್ದರು, ಮತ್ತು 2016ರವರೆಗೂ ಸ್ಪರ್ಧೆ ಬಿಡಲಿಲ್ಲ. ಒಂದು ವಿಭಾಗಕ್ಕೆ ದೇಶವೊಂದರಿಂದ ಒಬ್ಬರೋ ಇಬ್ಬರೋ ಹೋಗಬಹುದಾದ ಕ್ರೀಡೆಯಲ್ಲಿ, ತನಗಿಂತ ಆರೇಳು ವರ್ಷ ಹಿರಿಯನಾದ ಗಟ್ಟಿಗನೊಬ್ಬ ಹಲಗೆ ಬಿಟ್ಟು ಕದಲದಿದ್ದರೆ ಕಿರಿಯನಿಗೆ ದಾರಿ ಕಿರಿದಾಗುತ್ತದೆ. 2010ರ ಮಾರ್ಚ್‌ನಲ್ಲಿ ಕೊಲಂಬಿಯಾದ ಮೆಡೆಲಿನ್‌ನಲ್ಲಿ ನಡೆದ ದಕ್ಷಿಣ ಅಮೆರಿಕ ಕ್ರೀಡಾಕೂಟದಲ್ಲಿ ಇಯಾನ್ ಮೂರು ಕಂಚಿನ ಪದಕ ಗೆದ್ದರು. ಅವರಿಗಿನ್ನೂ 21 ತುಂಬಿರಲಿಲ್ಲ. ಆದರೂ 2012ರ ಲಂಡನ್ ಒಲಿಂಪಿಕ್ಸ್‌ಗೆ ಅವರು ಹೋಗಲಿಲ್ಲ. ಹಾಗಾಗಿ 2014ರ ಆ ಸಂದರ್ಶನದ ಹೊತ್ತಿಗೆ ಅವರು ಪ್ರತಿಭಾವಂತರೆಂದು ಗುರುತಾಗಿದ್ದರೂ ಒಲಿಂಪಿಕ್ಸ್ ಕಾಣದವರು. ಕಳೆದುಕೊಳ್ಳುವ ಭಯ ಹೆಚ್ಚು ಕಾಡುವುದು ಇಂಥ ಹಂತದಲ್ಲೇ.

ಸಲಹೆಯ ಹಿಂದಿನ ಲೆಕ್ಕ

ಕಾನೂನಿನ ಮಟ್ಟಿಗೆ ಬ್ರೆಜಿಲ್ ಆಗಲೇ ಮುಂದೆ ಸಾಗಿತ್ತು. 2011ರ ಮೇ ತಿಂಗಳಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಸಲಿಂಗಿ ಜೋಡಿಗಳ ಸಹಜೀವನಕ್ಕೆ ಮಾನ್ಯತೆ ಕೊಟ್ಟಿತು. ಎರಡು ವರ್ಷದ ಬಳಿಕ, 2013ರ ಮೇ ತಿಂಗಳಲ್ಲಿ, ಇಂಥ ಮದುವೆಗಳನ್ನು ನೋಂದಾಯಿಸಲು ಯಾವ ಕಚೇರಿಯೂ ನಿರಾಕರಿಸಕೂಡದು ಎಂದು ರಾಷ್ಟ್ರೀಯ ನ್ಯಾಯ ಮಂಡಳಿ ಆದೇಶಿಸಿತು. ಆದರೆ ನ್ಯಾಯಾಲಯದ ತೀರ್ಪು ಕ್ರೀಡಾಂಗಣದ ಗ್ಯಾಲರಿಯನ್ನು ತಲುಪಲು ಬಹಳ ಹೊತ್ತು ಹಿಡಿಯುತ್ತದೆ. ಅದೇ 2011ರ ಏಪ್ರಿಲ್‌ನಲ್ಲಿ ವಾಲಿಬಾಲ್ ಸೂಪರ್ ಲೀಗಿನ ಸೆಮಿಫೈನಲ್ ಪಂದ್ಯದಲ್ಲಿ ವೊಲೆ ಫುಟೂರೊ ತಂಡದ ಮೈಕಲ್ ಎಂಬ ಆಟಗಾರ ಸರ್ವ್ ಮಾಡಲು ನಿಂತಾಗಲೆಲ್ಲ ಎದುರಾಳಿ ತಂಡದ ಪ್ರೇಕ್ಷಕರು ಒಕ್ಕೊರಲಿನಿಂದ ಅವಹೇಳನದ ಮಾತು ಕೂಗಿದ್ದರು. ಆ ಕ್ಲಬ್‌ಗೆ ದಂಡ ಬಿತ್ತು. ಮುಂದಿನ ಪಂದ್ಯಕ್ಕೆ ಮೈಕಲ್ ಅವರ ಊರಿನ ಪ್ರೇಕ್ಷಕರು ಗುಲಾಬಿ ಬಣ್ಣದ ಕೋಲುಗಳನ್ನು ಹಿಡಿದು ಬಂದರು. ಬ್ರೆಜಿಲ್‌ನ ಕ್ರೀಡಾಭಿಮಾನಿಗಳ ಎರಡೂ ಮುಖ ಒಂದೇ ವಾರದ ಆಸುಪಾಸಿನಲ್ಲಿ ಕಂಡ ಘಟನೆ ಅದು. ಇಯಾನ್ ಅವರ ಗೆಳೆಯರ ನೆನಪಿನಲ್ಲಿ ಯಾವ ಮುಖ ಉಳಿದಿತ್ತು ಎಂದು ಊಹಿಸುವುದು ಕಷ್ಟವಲ್ಲ.

ಡೈವಿಂಗ್‌ನ ಇತಿಹಾಸವೂ ಎಚ್ಚರಿಕೆಯನ್ನೇ ಹೇಳುತ್ತಿತ್ತು. 1984 ಮತ್ತು 1988ರ ಒಲಿಂಪಿಕ್ಸ್‌ಗಳಲ್ಲಿ ಚಿಮ್ಮುವ ಹಲಗೆಯ ಸ್ಪ್ರಿಂಗ್‌ಬೋರ್ಡ್, ಅಲುಗದ ಕಟ್ಟೆಯಿಂದ ಜಿಗಿಯುವ ಪ್ಲಾಟ್‌ಫಾರ್ಮ್ ಎರಡರಲ್ಲೂ ಚಿನ್ನ ಗೆದ್ದ ಅಮೆರಿಕದ ಗ್ರೆಗ್ ಲೂಗೇನಿಸ್ ಬಹಿರಂಗವಾಗಿ ಮಾತಾಡಿದ್ದು 1994ರಲ್ಲಿ, ಸ್ಪರ್ಧೆಯಿಂದ ದೂರ ಸರಿದು ಎಷ್ಟೋ ಕಾಲದ ಮೇಲೆ. ಇದಕ್ಕೆ ಬೇರೆಯದೇ ಉದಾಹರಣೆ ಆಸ್ಟ್ರೇಲಿಯದ ಮ್ಯಾಥ್ಯೂ ಮಿಚಮ್. ಅವರು ಬೀಜಿಂಗ್ ಒಲಿಂಪಿಕ್ಸ್‌ಗೆ ಕೆಲವು ತಿಂಗಳ ಮೊದಲೇ ಹೇಳಿಕೊಂಡು, 2008ರ ಪ್ಲಾಟ್‌ಫಾರ್ಮ್ ಫೈನಲ್‌ನ ಕೊನೆಯ ಜಿಗಿತಕ್ಕೆ 112.10 ಅಂಕ ಪಡೆದು ಚಿನ್ನ ಗೆದ್ದರು. ಆದರೆ ಮಿಚಮ್ ಮತ್ತು ಡೇಲಿ ಇಬ್ಬರೂ ಡೈವಿಂಗ್‌ಗೆ ಕೊಳ, ಅನುದಾನ, ಪ್ರೇಕ್ಷಕರು ಎಲ್ಲವೂ ಇರುವ ದೇಶಗಳವರು. ಪದಕವಿಲ್ಲದ ದೇಶದ, ಒಲಿಂಪಿಕ್ಸ್ ಕಾಣದ ಡೈವರ್‌ಗೆ ಅವರ ಧೈರ್ಯ ಮಾದರಿಯಾಗಬಹುದಿತ್ತೇ ಹೊರತು ಭರವಸೆಯಾಗುವಂತಿರಲಿಲ್ಲ.

ಪ್ರಾಯೋಜಕರ ವಿಷಯವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು, ಏಕೆಂದರೆ ಸಲಹೆಯ ತಿರುಳು ಇದ್ದದ್ದೇ ಅಲ್ಲಿ. ಬ್ರೆಜಿಲ್‌ನಲ್ಲಿ ಈಜು ಮತ್ತು ಡೈವಿಂಗ್ ಒಕ್ಕೂಟದ ದೊಡ್ಡ ಪ್ರಾಯೋಜಕ ಆಗ ಸರ್ಕಾರಿ ಅಂಚೆ ಸಂಸ್ಥೆಯಾದ ಕೊಹೇಯೊಸ್ ಆಗಿತ್ತು. ಕ್ರೀಡಾಪಟುಗಳಿಗೆ ಮಾಸಿಕ ಸಹಾಯಧನ ಕೊಡುವ 'ಬೋಲ್ಸಾ ಅಟ್ಲೆಟಾ' ಯೋಜನೆ 2004ರ ಕಾನೂನಿನಿಂದ ಬಂದದ್ದು, ಮತ್ತು ಅದನ್ನು ಹಂಚುವುದು ಸ್ಪರ್ಧೆಯ ಫಲಿತಾಂಶದ ಮೇಲೆ. ಫುಟ್‌ಬಾಲ್, ವಾಲಿಬಾಲ್‌ಗಳಂತೆ ಖಾಸಗಿ ಕಂಪನಿಗಳ ಹಣ ಹೊಳೆಯಾಗಿ ಹರಿಯುವ ಕ್ರೀಡೆ ಡೈವಿಂಗ್ ಅಲ್ಲವೇ ಅಲ್ಲ. ಅಂದರೆ ಇಯಾನ್ ಅವರಂಥ ಡೈವರ್‌ನ ಹಲಗೆಯನ್ನು ಎತ್ತಿ ಹಿಡಿದದ್ದು ಮುಖ್ಯವಾಗಿ ಸಾರ್ವಜನಿಕ ಹಣ. ಗೆಳೆಯರು ಹೆದರಿದ್ದು ಮುಂದೆ ಬರಬಹುದಾದ ಪ್ರಾಯೋಜಕರ ಬಗ್ಗೆ, ತವರಿನ ಒಲಿಂಪಿಕ್ಸ್ ಎಂಬ ಹಬ್ಬದಲ್ಲಿ ಒಂದು ಬಾರಿ ಮಾತ್ರ ಬಾಗಿಲು ತಟ್ಟಬಹುದಾದ ಕಂಪನಿಗಳ ಬಗ್ಗೆ. ನನ್ನ ಅಭಿಪ್ರಾಯದಲ್ಲಿ ಲೆಕ್ಕ ತಪ್ಪಿದ್ದು ಇಲ್ಲಿಯೇ. ಇನ್ನೂ ಕೈಗೆ ಬಾರದ ಹಣದ ಎದುರಿಗೆ ಕೈಯಲ್ಲಿರುವ ಎರಡೂವರೆ ವರ್ಷದ ಬದುಕನ್ನು ಅವರು ತಕ್ಕಡಿಗೆ ಹಾಕಿದ್ದರು.

ಆ ದಿನಗಳಲ್ಲಿ ಬ್ರೆಜಿಲ್ ಡೈವರ್‌ಗಳ ನಿಜವಾದ ಕಷ್ಟ ಬೇರೆಯೇ ಇತ್ತು. ರಿಯೊದಲ್ಲಿ ಮರಕಾನಾ ಕ್ರೀಡಾಂಗಣಕ್ಕೆ ಅಂಟಿಕೊಂಡಿರುವ ಜೂಲಿಯೊ ಡಿ ಲಮಾರಿ ಈಜು ಸಂಕೀರ್ಣವನ್ನು ವಿಶ್ವಕಪ್ ಫುಟ್‌ಬಾಲ್‌ನ ಹೊಸ ವಿನ್ಯಾಸಕ್ಕಾಗಿ ಕೆಡವಲು 2013ರಲ್ಲಿ ಸರ್ಕಾರ ಮುಂದಾಗಿತ್ತು, ಅಲ್ಲಿ ಅಭ್ಯಾಸ ಮಾಡುತ್ತಿದ್ದವರನ್ನು ಹೊರಗೆ ಕಳಿಸಿ ಬಾಗಿಲನ್ನೂ ಮುಚ್ಚಿತ್ತು. ಆ ವರ್ಷದ ಜೂನ್‌ನಲ್ಲಿ ದೇಶದ ಬೀದಿಗಳಲ್ಲಿ ಪ್ರತಿಭಟನೆ ಎದ್ದ ನಂತರ, ಜುಲೈ ಕೊನೆಯಲ್ಲಿ, ರಾಜ್ಯಪಾಲರು ಆ ನಿರ್ಧಾರದಿಂದ ಹಿಂದೆ ಸರಿದರು. ಮೂರೇ ವರ್ಷದಲ್ಲಿ ಒಲಿಂಪಿಕ್ಸ್ ನಡೆಸಬೇಕಿದ್ದ ನಗರ ತನ್ನ ಡೈವರ್‌ಗಳ ಕೊಳವನ್ನು ಕಾರ್ ನಿಲುಗಡೆ ಮತ್ತು ಅಂಗಡಿಗಳಿಗಾಗಿ ಕಳೆದುಕೊಳ್ಳುವುದರಲ್ಲಿತ್ತು ಎಂಬುದನ್ನು ಓದುವಾಗ ಇಂದಿಗೂ ಸಂಕಟವಾಗುತ್ತದೆ. ಒಬ್ಬ ಡೈವರ್ ಯಾರನ್ನು ಪ್ರೀತಿಸುತ್ತಾನೆ ಎಂಬುದು ಅವನ ಅಂಕಗಳಿಗೆ ಅಡ್ಡಿಯಾಗಲಿಲ್ಲ. ಅಡ್ಡಿಯಾದದ್ದು ಕೊಳದ ಬಾಗಿಲಿಗೆ ಬಿದ್ದ ಬೀಗ.

ಇಬ್ಬರು, ಎರಡು ಹಲಗೆ

ರಿಯೊದಲ್ಲಿ ಇಯಾನ್ ಅವರಿಗೆ ಸಿಕ್ಕಿದ್ದು ಮೂರು ಮೀಟರ್ ಸ್ಪ್ರಿಂಗ್‌ಬೋರ್ಡ್‌ನ ಸಿಂಕ್ರೊನೈಸ್ಡ್ ವಿಭಾಗ, ಅಂದರೆ ಇಬ್ಬರು ಒಟ್ಟಿಗೆ ಜಿಗಿಯುವ ವಿಭಾಗ; ಜೊತೆಗಾರ ಲೂಯಿಸ್ ಔಟೆರೆಲೊ. ಒಲಿಂಪಿಕ್ಸ್‌ನ ಪ್ರತಿ ಜೋಡಿ ವಿಭಾಗದಲ್ಲೂ ಎಂಟು ಜೋಡಿಗಳಿಗೆ ಮಾತ್ರ ಅವಕಾಶ, ಅದರಲ್ಲಿ ಒಂದು ಜಾಗ ಆತಿಥೇಯ ದೇಶಕ್ಕೆ ಮೀಸಲು. ಬ್ರೆಜಿಲ್‌ನ ಜೋಡಿಗಳು ಬಂದದ್ದು ಆ ಮೀಸಲು ಜಾಗದಿಂದ.

ಈ ವಿಭಾಗದ ಕೆಲಸ ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಟಿ.ವಿ.ಯಲ್ಲಿ ಅದು ಎರಡು ಸೆಕೆಂಡಿನ ಮಿಂಚು. ಎರಡು ಹಲಗೆಗಳ ಮೇಲೆ ಇಬ್ಬರು ಅಕ್ಕಪಕ್ಕ ನಿಲ್ಲುತ್ತಾರೆ. ಹಲಗೆಯ ನಡುವೆ ಕಾಲಿನಿಂದ ಉರುಳಿಸಬಹುದಾದ ಒಂದು ಆಧಾರ ಚಕ್ರವಿದೆ. ಅದನ್ನು ಹಿಂದೆ ಸರಿಸಿದರೆ ಹಲಗೆ ಮೆದುವಾಗಿ ಹೆಚ್ಚು ತೂಗುತ್ತದೆ, ಮುಂದೆ ತಂದರೆ ಬಿಗಿಯಾಗುತ್ತದೆ. ಇಬ್ಬರ ತೂಕ ಬೇರೆ, ಕಾಲಿನ ಕಸುವು ಬೇರೆ, ಹಾಗಾಗಿ ಇಬ್ಬರ ಚಕ್ರದ ಜಾಗವೂ ಬೇರೆ ಬೇರೆ ಇರಬಹುದು. ಆದರೆ ಹಲಗೆ ಕೆಳಗಿಳಿದು ಮೇಲೇಳುವ ಲಯ ಮಾತ್ರ ಒಂದೇ ಇರಬೇಕು. ಒಬ್ಬ ಎಣಿಕೆ ಹೇಳುತ್ತಾನೆ. ಹೆಜ್ಜೆಗಳು, ಹಲಗೆಯ ತುದಿಗೆ ಒಂದು ಚಿಕ್ಕ ನೆಗೆತ, ಹಲಗೆ ಬಗ್ಗುವ ಕ್ಷಣ, ಚಿಮ್ಮು. ಆಮೇಲೆ ಒಬ್ಬ ಇನ್ನೊಬ್ಬನನ್ನು ನೋಡಿ ತಿದ್ದಿಕೊಳ್ಳಲು ಸಮಯವೇ ಇಲ್ಲ. ಮೂರು ಮೀಟರ್ ಎತ್ತರದಿಂದ ಸುಮ್ಮನೆ ಬಿದ್ದರೂ ನೀರು ಮುಟ್ಟುವಾಗ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್ ಆಗುತ್ತದೆ, ಹಲಗೆ ಎತ್ತಿ ಎಸೆದ ಎತ್ತರ ಸೇರಿದರೆ 30ನ್ನು ದಾಟುತ್ತದೆ. ರಿಯೊದಲ್ಲಿ ಪುರುಷರ ಜೋಡಿಗಳಿಗೆ ಆರು ಜಿಗಿತಗಳಿದ್ದವು. ಹನ್ನೊಂದು ತೀರ್ಪುಗಾರರಲ್ಲಿ ಮೂವರು ಒಬ್ಬನ ಜಿಗಿತವನ್ನು, ಮೂವರು ಇನ್ನೊಬ್ಬನ ಜಿಗಿತವನ್ನು ನೋಡಿದರೆ, ಉಳಿದ ಐವರ ಕಣ್ಣು ಇಬ್ಬರ ಹೊಂದಾಣಿಕೆಯ ಮೇಲೆ ಮಾತ್ರ. ಒಬ್ಬ ಅದ್ಭುತವಾಗಿ ಜಿಗಿದು ಇನ್ನೊಬ್ಬ ಕಾಲು ಸೆಕೆಂಡು ತಡವಾಗಿ ನೀರು ಮುಟ್ಟಿದರೆ ಆ ಅದ್ಭುತಕ್ಕೂ ಬೆಲೆ ಕಡಿಮೆ.

ಇಂಥ ಲಯ ಕೂಡಿಬರಲು ವರ್ಷಗಳು ಬೇಕು. ಚೀನಾದ ಜೋಡಿಗಳು ಚಿಕ್ಕ ವಯಸ್ಸಿನಲ್ಲೇ ಆಯ್ದು ತೆಗೆದವರ ಸಾಲಿನಿಂದ ಬರುತ್ತವೆ. ಕೊಳಕ್ಕೇ ತತ್ವಾರವಿರುವ ದೇಶದಲ್ಲಿ ಅಂಥ ಸಾಲು ಎಲ್ಲಿಂದ ಬರಬೇಕು?

ಹಸಿರು ನೀರಿನ ದಿನ

ಸ್ಪರ್ಧೆ ನಡೆದದ್ದು 2016ರ ಆಗಸ್ಟ್ 10ರಂದು, ಮರಿಯಾ ಲೆಂಕ್ ಈಜು ಕೇಂದ್ರದಲ್ಲಿ. ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದ ದಕ್ಷಿಣ ಅಮೆರಿಕದ ಮೊದಲ ಮಹಿಳೆಯ ಹೆಸರು ಹೊತ್ತ, 2007ರ ಪ್ಯಾನ್ ಅಮೆರಿಕನ್ ಕ್ರೀಡಾಕೂಟಕ್ಕೆ ಕಟ್ಟಿದ ಈ ಕೊಳಕ್ಕೆ ಸೂರಿಲ್ಲ. ಹಿಂದಿನ ದಿನವಷ್ಟೇ ಆ ಕೊಳದ ನೀರು ಜಗತ್ತಿನ ಕಣ್ಣೆದುರಿಗೇ ಹಸಿರಾಗಿತ್ತು. ಗುತ್ತಿಗೆದಾರನೊಬ್ಬ ಉದ್ಘಾಟನೆಯ ದಿನ ತಪ್ಪಾಗಿ ಹೈಡ್ರೋಜನ್ ಪೆರಾಕ್ಸೈಡ್ ಸುರಿದಿದ್ದ. ಅದು ಕ್ಲೋರಿನ್‌ನ ಶಕ್ತಿಯನ್ನು ಕುಂದಿಸಿದ್ದರಿಂದ ಪಾಚಿಯಂಥವು ಬೆಳೆಯಲು ಅವಕಾಶವಾಯಿತು ಎಂದು ಸಂಘಟಕರು ಆಮೇಲೆ ವಿವರಣೆ ಕೊಟ್ಟರು. ತಿಳಿನೀರಿನಲ್ಲಿ ತಳದ ಹೆಂಚುಗಳು ಕಾಣುವುದಕ್ಕೆ ಒಗ್ಗಿದ ಕಣ್ಣಿಗೆ ಆ ದಿನ ಕಂಡದ್ದು ಕೆರೆಯಂಥ ಹಸಿರು ಮುಚ್ಚಳ. ಅದರ ಮೇಲೆ ಮಳೆ, ಗಾಳಿ. ಒದ್ದೆ ಹಲಗೆಯ ಮೇಲೆ ಗಾಳಿ ಬೀಸುವಾಗ ಇಬ್ಬರೂ ಒಂದೇ ಲಯದಲ್ಲಿ ಹೆಜ್ಜೆ ಇಡುವುದು ಅನುಭವಿಗಳಿಗೂ ಪರೀಕ್ಷೆಯೇ.

ಬ್ರಿಟನ್ನಿನ ಜ್ಯಾಕ್ ಲಾಫರ್ ಮತ್ತು ಕ್ರಿಸ್ ಮಿಯರ್ಸ್ ಚಿನ್ನ ಗೆದ್ದರು. ಡೈವಿಂಗ್‌ನಲ್ಲಿ ಆ ದೇಶಕ್ಕೆ ಅದು ಮೊಟ್ಟಮೊದಲ ಒಲಿಂಪಿಕ್ ಚಿನ್ನ. ಅಮೆರಿಕ ಬೆಳ್ಳಿ, ಚೀನಾ ಕಂಚು. ರಿಯೊದ ಎಂಟು ಡೈವಿಂಗ್ ಚಿನ್ನಗಳಲ್ಲಿ ಚೀನಾದ ಕೈತಪ್ಪಿದ್ದು ಇದೊಂದೇ. ಇಯಾನ್ ಮತ್ತು ಔಟೆರೆಲೊ ಎಂಟನೆಯವರಾದರು, ಅಂದರೆ ಕೊನೆಯವರು.

ಈ ಎಂಟನೇ ಸ್ಥಾನವನ್ನು ಒಂಟಿಯಾಗಿ ಓದಿದರೆ ತಪ್ಪು ಅರ್ಥ ಬರುತ್ತದೆ. ರಿಯೊದ ನಾಲ್ಕೂ ಜೋಡಿ ವಿಭಾಗಗಳಲ್ಲಿ ಬ್ರೆಜಿಲ್‌ನ ಜೋಡಿಗಳು ಎಂಟನೆಯವೇ. ನಾಲ್ಕು ಒಲಿಂಪಿಕ್ಸ್ ಕಂಡ ಹ್ಯೂಗೊ ಪರೀಸಿ, ಐದು ಕಂಡ ಜೂಲಿಯಾನಾ ವೆಲೊಸೊ ಅವರಂಥ ಹಳಬರಿದ್ದ ಜೋಡಿಗಳಿಗೂ ಅದೇ ಗತಿಯಾಯಿತು. ಅರ್ಹತಾ ಸ್ಪರ್ಧೆಗಳನ್ನು ದಾಟಿ ಬಂದ ಏಳು ಜೋಡಿಗಳ ಎದುರು ಆತಿಥ್ಯದ ಹಕ್ಕಿನಿಂದ ಬಂದ ಎಂಟನೇ ಜೋಡಿ ನಿಂತಾಗ ಏನಾಗಬಹುದೋ ಅದೇ ಆಯಿತು. ಇಯಾನ್ ಅವರ ಫಲಿತಾಂಶಕ್ಕೂ 2014ರ ಅವರ ಮಾತಿಗೂ ಗಂಟು ಹಾಕಲು ಯಾರಾದರೂ ಹೊರಟರೆ, ಈ ನಾಲ್ಕು ಸಾಲುಗಳ ಪಟ್ಟಿ ಅವರನ್ನು ಅಲ್ಲೇ ತಡೆಯಬೇಕು.

ಗೆಳೆಯರ ಭವಿಷ್ಯವಾಣಿಯ ಮುಖ್ಯ ಭಾಗ ಹೀಗೆ ಸುಳ್ಳಾಯಿತು. ಮಾತಾಡಿದ್ದರಿಂದ ಒಲಿಂಪಿಕ್ಸ್ ತಪ್ಪಲಿಲ್ಲ. ತಾನು ಯಾರೆಂದು ಎಲ್ಲರಿಗೂ ಗೊತ್ತಿರುವಾಗಲೇ ಅವರು ತವರಿನ ಪ್ರೇಕ್ಷಕರ ಮುಂದೆ ಹಲಗೆ ಏರಿದರು. ಆ ಕೂಟದಲ್ಲಿ ಬಹಿರಂಗವಾಗಿ ಹೇಳಿಕೊಂಡಿದ್ದ ಕ್ರೀಡಾಪಟುಗಳ ಸಂಖ್ಯೆ ಐವತ್ತನ್ನು ದಾಟಿತ್ತು. ಅವರಲ್ಲಿ ಹೆಚ್ಚಿನವರು ಮಹಿಳೆಯರು. ಇಯಾನ್ ಸ್ಪರ್ಧೆಗೆ ಎರಡು ದಿನ ಮುಂಚೆ ಬ್ರೆಜಿಲ್ ಮಹಿಳಾ ರಗ್ಬಿ ತಂಡದ ಇಸಡೋರಾ ಸೆರುಲೊ ಅವರಿಗೆ ಅವರ ಸಂಗಾತಿ ಮೈದಾನದಲ್ಲೇ ಮದುವೆಯ ಪ್ರಸ್ತಾಪ ಮಾಡಿದ ದೃಶ್ಯ ಜಗತ್ತೆಲ್ಲ ಹರಿದಾಡಿತು. ಆದರೆ ಬ್ರೆಜಿಲ್‌ನ ಪುರುಷ ಕ್ರೀಡಾಪಟುಗಳ ಸಾಲು ಮಾತ್ರ ಬಹುಮಟ್ಟಿಗೆ ಮೌನವಾಗಿತ್ತು.

ಆ ಮೌನ ಎಂಥದ್ದು ಎಂಬುದಕ್ಕೆ ಜಿಮ್ನಾಸ್ಟ್ ಡಿಯೆಗೊ ಇಪೊಲಿಟೊ ಅವರೇ ಸಾಕ್ಷಿ. ಎರಡು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಅವರು ಅದೇ ರಿಯೊದಲ್ಲಿ ಫ್ಲೋರ್ ವ್ಯಾಯಾಮದಲ್ಲಿ ಬೆಳ್ಳಿ ಗೆದ್ದರು. ತಾನು ಸಲಿಂಗಿ ಎಂದು ಅವರು ಹೇಳಿದ್ದು 2019ರ ಮೇ ತಿಂಗಳಲ್ಲಿ. ಅಷ್ಟು ವರ್ಷ ಸುಮ್ಮನಿರಲು ಪ್ರಾಯೋಜಕರನ್ನು ಕಳೆದುಕೊಳ್ಳುವ ಭಯವೂ ಒಂದು ಕಾರಣ ಎಂದು ಅವರೇ ಹೇಳಿಕೊಂಡರು. ಹಾಗಾಗಿ ಇಯಾನ್ ಅವರ ಗೆಳೆಯರನ್ನು ಹೇಡಿಗಳೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಅವರು ಕೊಟ್ಟ ಸಲಹೆಯನ್ನೇ ದೇಶದ ದೊಡ್ಡ ಜಿಮ್ನಾಸ್ಟ್ ಒಬ್ಬರು ತಮಗೆ ತಾವೇ ಕೊಟ್ಟುಕೊಂಡು ಪಾಲಿಸಿದ್ದರು, ಪದಕವನ್ನೂ ಗೆದ್ದಿದ್ದರು. ಆ ಪಾಲನೆಗೆ ತೆತ್ತ ಬೆಲೆಯನ್ನು ಅವರೇ ಬಲ್ಲರು.

ರಿಯೊ ನಂತರದ ವರ್ಷಗಳನ್ನು ಬೇಗ ಹೇಳಿ ಮುಗಿಸಬಹುದು. ಕೂಟ ಮುಗಿದ ಮೇಲೆ ಹಣದ ಹರಿವು ಇಳಿಯಿತು, ಅಂಚೆ ಸಂಸ್ಥೆ ತನ್ನ ಪ್ರಾಯೋಜಕತ್ವವನ್ನು ಕಡಿತಗೊಳಿಸಿತು, 1988ರಿಂದ ಈಜು ಒಕ್ಕೂಟದ ಗದ್ದುಗೆಯಲ್ಲಿದ್ದ ಅಧ್ಯಕ್ಷರು 2017ರ ಏಪ್ರಿಲ್‌ನಲ್ಲಿ ಹಣ ದುರ್ಬಳಕೆಯ ಆರೋಪದ ಮೇಲೆ ಬಂಧನಕ್ಕೊಳಗಾದರು. ಟೋಕಿಯೊಗೆ ಹೋದ ಬ್ರೆಜಿಲ್ ಡೈವರ್‌ಗಳು ಹೊಸ ತಲೆಮಾರಿನವರು. ಅವರಲ್ಲಿ ಪಿಯಾವಿ ರಾಜ್ಯದಲ್ಲಿ ಹುಟ್ಟಿ ಬ್ರೆಸೀಲಿಯದಲ್ಲೇ ಪಳಗಿದ ಕವಾನ್ ಪೆರೇರಾ ಹತ್ತು ಮೀಟರ್ ಪ್ಲಾಟ್‌ಫಾರ್ಮ್‌ನ ಫೈನಲ್ ತಲುಪಿ ಹತ್ತನೆಯವರಾದರು. ಇಯಾನ್ ಆ ತಂಡದಲ್ಲಿರಲಿಲ್ಲ. ಅದೇ ಟೋಕಿಯೊದಲ್ಲಿ, 2021ರ ಜುಲೈ 26ರಂದು, ಟಾಮ್ ಡೇಲಿ ತಮ್ಮ ನಾಲ್ಕನೇ ಒಲಿಂಪಿಕ್ಸ್‌ನಲ್ಲಿ ಮೊದಲ ಚಿನ್ನ ಗೆದ್ದರು.

ಆ ವರ್ಷದ ಕೊನೆಯಲ್ಲಿ ಇಯಾನ್ ಸೋಂಕಿನಿಂದ ರಿಯೊದ ಆಸ್ಪತ್ರೆ ಸೇರಿದರು. ಸೋಂಕು ಶ್ವಾಸಕೋಶಕ್ಕೆ ಹಬ್ಬಿತು. ಡಿಸೆಂಬರ್ 21ರಂದು ಅವರು ತೀರಿಕೊಂಡರು, 32 ವರ್ಷ. ಇಪೊಲಿಟೊ ಮೊದಲ ಬಾರಿಗೆ ಬಾಯಿ ಬಿಟ್ಟದ್ದು ಇದೇ ವಯಸ್ಸಿನಲ್ಲಿ.

ಕಾಯಬೇಕು ಎಂದವರು ಮನಸ್ಸಿನಲ್ಲಿಟ್ಟುಕೊಂಡಿದ್ದದ್ದು ಆಗಸ್ಟ್ 2016 ಎಂಬ ದಿನಾಂಕವನ್ನು. ಇಯಾನ್ ಕಾಯದೆ ಜನವರಿ 2014ನ್ನು ಆರಿಸಿಕೊಂಡದ್ದರಿಂದ, ಮುಚ್ಚಿಡಬೇಕಾದದ್ದೇನೂ ಇಲ್ಲದೆ ಬದುಕಲು ಅವರಿಗೆ ಹೆಚ್ಚು ಕಡಿಮೆ ಎಂಟು ವರ್ಷ ಸಿಕ್ಕಿತು. ಕಾದಿದ್ದರೆ ಐದು ಸಿಗುತ್ತಿತ್ತು, ಮತ್ತು ಮಳೆಯಲ್ಲಿ ಆ ಹಸಿರು ನೀರಿಗೆ ಆರು ಬಾರಿ ಜಿಗಿದ ದಿನ ಆ ಐದರೊಳಗೆ ಸೇರುತ್ತಿರಲಿಲ್ಲ.